ಹಾರ-ತುರಾಯಿ ಇಲ್ಲದ ಸಮ್ಮೇಳನ

ಹೊರನಾಡ ಕನ್ನಡಿಗರಾದ ನಮಗೆ ಬೇರೇನು ಬಾರದಿದ್ದರೂ ಸಮಾರಂಭ ನಡೆಸುವುದು ಚೆನ್ನಾಗಿ ಬರುತ್ತದೆ. ರಾಜ್ಯೋತ್ಸವವೆನ್ನಿ, ದಸರೆಯೆನ್ನಿ, ನಾಟಕವೆನ್ನಿ, ತಿಂಗಳ ಮುಂಚೆಯೇ ಒಂದು ಸಮಿತಿ, ಅದಕ್ಕೊಂದು ಉಪಸಮಿತಿ, ಉಪಸಮಿತಿಯಲ್ಲಿ ಒಂದು ಸಣ್ಣ ಮನಸ್ತಾಪ, ಕೊನೆಗೆ ಎಲ್ಲರೂ ಸೆರಗು ಬಿಗಿದು, ತೋಳು ಮಡಿಸಿ ಬಿಸಿಬೇಳೆಭಾತು ಬಡಿಸುವ ಸಂಭ್ರಮ. ಅಧ್ಯಕ್ಷರಿಗೆ ಹಾರ, ಅತಿಥಿಗಳಿಗೆ ಶಾಲು, ದಾನಿಗಳ ಹೆಸರು ಫಲಕದ ಮೇಲೆ, ಎಲ್ಲರ ಭಾವಚಿತ್ರ ಮುಂದಿನ ಸಂಚಿಕೆಯಲ್ಲಿ. ಇದನ್ನು ನಾವು ಹಳಿಯುವುದಿಲ್ಲ. ಊರು ಬಿಟ್ಟು ಬಂದವರಿಗೆ ಇದೂ ಒಂದು ಆಸರೆಯೇ. ಆದರೆ ಈ ಪದ್ಧತಿಗಳಲ್ಲಿ ಒಂದನ್ನೂ ಅನುಸರಿಸದೆ, ಹಾರವಿಲ್ಲದೆ, ಮುಖ್ಯ ಅತಿಥಿಯಿಲ್ಲದೆ, ಸೇರಿದವರ ಪೂರ್ತಿ ಹೆಸರು ಕೂಡ ಇಲ್ಲದೆ ಹಲವು ದಶಕಗಳಿಂದ ಲೋಕದ ನಾನಾ ಊರುಗಳಲ್ಲಿ ನಡೆದುಬರುತ್ತಿರುವ ಕೂಟಗಳೂ ಸಮ್ಮೇಳನಗಳೂ ಉಂಟು. ಅವು ಕುಡಿತ ಬಿಟ್ಟವರವು.

“ಬಿಟ್ಟರೆ ಒಳ್ಳೆಯದೇ ಆಯಿತು, ಅದಕ್ಕೊಂದು ಸಮ್ಮೇಳನ ಬೇರೆ ಬೇಕೇನ್ರೀ?” ಎಂದು ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ. ಕುಡಿತ ಬಿಡುವುದು ಒಂದು ದಿನದ ಕೆಲಸ. ಬಿಟ್ಟೇ ಇರುವುದು ಪ್ರತಿದಿನದ ಕೆಲಸ. ಆಸ್ಪತ್ರೆ ಮೈಯೊಳಗಿನ ವಿಷವನ್ನು ಇಳಿಸಿ ಮನೆಗೆ ಕಳಿಸುತ್ತದೆ. ಮನೆಗೆ ಬಂದ ಮೊದಲನೆಯ ಶನಿವಾರ ಸಂಜೆ ಆರು ಗಂಟೆಗೆ ಆ ಮನುಷ್ಯ ಎಲ್ಲಿ ಹೋಗಿ ಕುಳಿತುಕೊಳ್ಳಬೇಕು? ಹಳೆಯ ಗೆಳೆಯರೆಲ್ಲ ಬಾಟಲಿಯ ಗೆಳೆಯರು. ಮನೆಯಲ್ಲಿ ಹೆಂಡತಿ ಮಾತಾಡಿದರೆ ಕಣ್ಣೀರು, ಮಾತಾಡದಿದ್ದರೆ ಮೌನ. ಅವನಿಗೆ ಬೇಕಾದುದು ಉಪದೇಶವಲ್ಲ. ಆ ಸಂಜೆ ಹೋಗಿ ಕೂರುವುದಕ್ಕೆ ಒಂದು ಕುರ್ಚಿ, ಒಂದು ಲೋಟ ಚಹಾ, ತನ್ನ ಹಾಗೆಯೇ ಬಿದ್ದು ಎದ್ದ ನಾಲ್ಕು ಜನ. ಕೂಟವೆಂದರೆ ಔಷಧ ಮುಗಿದ ಮೇಲಿನ ಸಂತೋಷಕೂಟವಲ್ಲ, ಅದೇ ಔಷಧ. ಇದನ್ನು ಮನಸ್ಸಿಗೆ ತಂದುಕೊಂಡರೆ ಅಂಥ ಕೂಟಗಳನ್ನು ಹೇಗೆ ಏರ್ಪಡಿಸಬೇಕು, ಹೇಗೆ ಏರ್ಪಡಿಸಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಇದರ ಮೂಲ ಅಮೆರಿಕದ ಒಹಾಯೊ ಪ್ರಾಂತದ ಆಕ್ರನ್ ಎಂಬ ರಬ್ಬರ್ ಕಾರ್ಖಾನೆಗಳ ಊರಿನಲ್ಲಿದೆ. 1935ರ ಮೇ ತಿಂಗಳು. ನ್ಯೂಯಾರ್ಕಿನ ಷೇರುಪೇಟೆಯವನೊಬ್ಬ ವ್ಯವಹಾರಕ್ಕೆಂದು ಬಂದು, ವ್ಯವಹಾರ ಕೆಟ್ಟು, ಮೇಫ್ಲವರ್ ಹೋಟೆಲಿನ ಮುಂಭಾಗದಲ್ಲಿ ಒಂಟಿಯಾಗಿ ನಿಂತಿದ್ದ. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಒಂದು ಪಕ್ಕದಲ್ಲಿ ಪಾನಗೃಹದ ನಗು, ಇನ್ನೊಂದು ಪಕ್ಕದಲ್ಲಿ ಟೆಲಿಫೋನು. ಅವನು ಟೆಲಿಫೋನಿನ ಕಡೆಗೆ ಹೋಗಿ ಊರಿನ ಪಾದ್ರಿಗಳಿಗೆ ಒಬ್ಬೊಬ್ಬರಿಗಾಗಿ ಕರೆಮಾಡಿ, ‘ನಾನು ಮಾತಾಡಿಸಬೇಕು, ನನಗೊಬ್ಬ ಕುಡುಕನನ್ನು ಹುಡುಕಿಕೊಡಿ’ ಎಂದು ಬೇಡಿದ. ಹಾಗೆ ಸಿಕ್ಕಿದವರು ಆ ಊರಿನ ಶಸ್ತ್ರವೈದ್ಯರೊಬ್ಬರು. ಮರುದಿನ ಸಂಜೆ ಐದು ಗಂಟೆಗೆ ಭೇಟಿ. ವೈದ್ಯರು ಹದಿನೈದೇ ನಿಮಿಷ ಕೂರುವುದಾಗಿ ಹೇಳಿ ಬಂದವರು ರಾತ್ರಿ ಹನ್ನೊಂದು ದಾಟುವವರೆಗೆ ಏಳಲಿಲ್ಲ. ಬಂದವನು ಬುದ್ಧಿ ಹೇಳಲಿಲ್ಲ, ತನ್ನ ಕಥೆ ಹೇಳಿಕೊಂಡ. ಅದೂ ಅವರನ್ನು ಉದ್ಧರಿಸುವುದಕ್ಕಲ್ಲ, ತಾನು ಆ ರಾತ್ರಿ ಕುಡಿಯದೆ ಉಳಿಯುವುದಕ್ಕೆ. ಜಗತ್ತು ಅವರಿಬ್ಬರನ್ನು ಬಿಲ್ ಡಬ್ಲ್ಯೂ. ಮತ್ತು ಡಾಕ್ಟರ್ ಬಾಬ್ ಎಂದು ಬಲ್ಲದು. ಡಾಕ್ಟರ್ ಬಾಬ್ ಕೊನೆಯ ಸಲ ಕುಡಿದದ್ದು ಆ ವರ್ಷದ ಜೂನ್ 10ರಂದು ಎನ್ನುತ್ತಾರೆ. ಅದನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಸಹವಾಸದ ಹುಟ್ಟುಹಬ್ಬವೆಂದು ಎಣಿಸುವುದು. ಕನ್ನಡದಲ್ಲಿ ಹೆಸರು ಹೇಳಿಕೊಳ್ಳದ ಕುಡುಕರು ಎನ್ನಬಹುದು. ಎಲ್ಲರ ಬಾಯಲ್ಲೂ ಅದು ಎ.ಎ.

ಇಬ್ಬರಿಂದ ಹತ್ತಾಗಿ, ಹತ್ತು ನೂರಾಗಿ, 1950ರ ಜುಲೈ ತಿಂಗಳಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ಅವರ ಮೊದಲನೆಯ ಅಂತರರಾಷ್ಟ್ರೀಯ ಸಮ್ಮೇಳನ ನೆರೆಯಿತು. ಡಾಕ್ಟರ್ ಬಾಬ್ ಆಗ ಕ್ಯಾನ್ಸರಿನಿಂದ ಬಳಲಿದ್ದರು. ಆದರೂ ಬಂದು ಕೆಲವೇ ನಿಮಿಷ ಮಾತಾಡಿ, ಇದನ್ನು ಸರಳವಾಗಿ ಇಟ್ಟುಕೊಳ್ಳಿ ಎಂಬರ್ಥದ ಮಾತು ಹೇಳಿ ಹೋದರು. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು. ಆ ಸಮ್ಮೇಳನದಲ್ಲಿಯೇ ಸಹವಾಸದ ಹನ್ನೆರಡು ಸಂಪ್ರದಾಯಗಳು ಅಂಗೀಕಾರವಾದವು. 1955ರಲ್ಲಿ ಸೇಂಟ್ ಲೂಯಿಸ್ ಸಮ್ಮೇಳನ. ಅಲ್ಲಿ ಬಿಲ್ ತನ್ನ ಯಜಮಾನಿಕೆಯನ್ನು ಕೈಬಿಟ್ಟು ಎಲ್ಲವನ್ನೂ ಸದಸ್ಯರ ಪ್ರತಿನಿಧಿಗಳಿಗೆ ಒಪ್ಪಿಸಿದ. ಸಂಸ್ಥೆ ಕಟ್ಟಿದವರು ಬದುಕಿರುವಾಗಲೇ ಕುರ್ಚಿ ಬಿಟ್ಟ ಉದಾಹರಣೆ ನಮ್ಮ ಸಂಘಗಳಲ್ಲಿ ಎಷ್ಟು ಸಿಗುತ್ತದೆ ಎಂದು ನಾವು ಲೆಕ್ಕ ಹಾಕಲು ಹೋಗುವುದಿಲ್ಲ. ಅಲ್ಲಿಂದ ಐದು ವರ್ಷಕ್ಕೊಮ್ಮೆ ಈ ಜಾತ್ರೆ. 2015ರಲ್ಲಿ ಅಟ್ಲಾಂಟಾಕ್ಕೆ 50,000ಕ್ಕೂ ಮಿಕ್ಕಿ ಜನ ಬಂದಿದ್ದರು. 2020ರಲ್ಲಿ ಡೆಟ್ರಾಯಿಟಿನಲ್ಲಿ ನಡೆಯಬೇಕಾದದ್ದು ಕೋವಿಡ್‌ನಿಂದ ನಿಂತುಹೋಯಿತು; 2025ರ ಜುಲೈಯಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಮತ್ತೆ ಸೇರಿದರು.

ಆ ಮಹಾಸಭೆಗಳಲ್ಲಿ ಒಂದು ವಾಡಿಕೆಯುಂಟು. ಕುಡಿತ ಬಿಟ್ಟು ವರ್ಷಗಳಾದವರನ್ನು ಲೆಕ್ಕಕ್ಕೆ ತಕ್ಕಂತೆ ಎದ್ದು ನಿಲ್ಲಿಸುತ್ತಾರೆ. ನಲವತ್ತು ವರ್ಷ, ಐವತ್ತು ವರ್ಷ ಎನ್ನುವಾಗ ಅಲ್ಲೊಬ್ಬ ಇಲ್ಲೊಬ್ಬ ಮುದುಕರು. ಹಾಗೆಯೇ ಸಣ್ಣ ಕೂಟಗಳಲ್ಲಿ ಒಂದೇ ದಿನವಾದವನಿಗೂ ಒಂದು ಬಿಲ್ಲೆ ಕೊಡುವ ರೂಢಿ ಅನೇಕ ಕಡೆ ಇದೆ. ಅವನಿಗೆ ಬೀಳುವ ಚಪ್ಪಾಳೆ ಮುದುಕರಿಗೆ ಬೀಳುವುದಕ್ಕಿಂತ ಕಡಿಮೆಯದಲ್ಲ. ಮುದುಕನನ್ನು ನೋಡಿ ಹೊಸಬನಿಗೆ ಇದು ಸಾಧ್ಯವೆಂದು ತಿಳಿಯುತ್ತದೆ. ಹೊಸಬನ ನಡುಗುವ ಕೈ ನೋಡಿ ಮುದುಕನಿಗೆ ತಾನು ಎಲ್ಲಿಂದ ಬಂದೆನೆಂದು ನೆನಪಾಗುತ್ತದೆ. ಇಬ್ಬರೂ ಒಂದೇ ಛಾವಣಿಯಡಿ ಇರಬೇಕಾದದ್ದು ಇದಕ್ಕೆ.

ನಮ್ಮ ದೇಶಕ್ಕೆ ಇದು ಬಂದದ್ದು ಮುಂಬಯಿಯ ಮೂಲಕ, 1957ರಲ್ಲಿ. ಆಗ ಮುಂಬಯಿ ರಾಜ್ಯದಲ್ಲಿ 1949ರ ಪಾನನಿರೋಧ ಕಾಯಿದೆ ಜಾರಿಯಲ್ಲಿದ್ದ ಕಾಲವೆಂಬುದನ್ನು ಗಮನಿಸಬೇಕು. ಕಾನೂನಿನ ಪ್ರಕಾರ ಕುಡಿಯುವವನೇ ಇರಬಾರದಿದ್ದ ಊರಿನಲ್ಲಿ ಕುಡುಕರ ಮೊದಲ ಕೂಟ! ಕಾಯಿದೆ ಅಂಗಡಿಯ ಬಾಗಿಲು ಮುಚ್ಚಬಹುದು. ಗಂಟಲಿನ ದಾಹ ಅದರ ಕೈಗೆ ಸಿಕ್ಕುವುದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಮೆರಿಕದ ವೈದ್ಯರ ಸಂಘ ಅದಕ್ಕೆ ಒಂದೇ ವರ್ಷದ ಮುಂಚೆ, 1956ರಲ್ಲಿ, ಮದ್ಯವ್ಯಸನ ಒಂದು ಕಾಯಿಲೆಯೆಂದು ಸಾರಿತ್ತು. ಈಗ ದೇಶದ ದೊಡ್ಡ ಊರುಗಳಲ್ಲೆಲ್ಲ ಇಂಥ ಕೂಟಗಳುಂಟು. ಶಾಲೆಯ ಕೊಠಡಿ, ಚರ್ಚಿನ ಹಿಂಬದಿಯ ಹಾಲು, ಆಸ್ಪತ್ರೆಯ ಮೂಲೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ.

ಇನ್ನು ಏರ್ಪಾಟಿನ ವಿಷಯ. ಇದು ನಮ್ಮ ಕಾರ್ಯಕರ್ತರಿಗೆ ಸ್ವಲ್ಪ ವಿಚಿತ್ರವಾಗಿ ಕಾಣಬಹುದು.

ಮೊದಲನೆಯದು ಹಣ. 1938ರ ಸುಮಾರಿಗೆ ಬಿಲ್ ಮತ್ತು ಅವನ ಗೆಳೆಯರು ಕುಬೇರನೆನಿಸಿದ್ದ ರಾಕ್‌ಫೆಲ್ಲರ್ ಬಳಿಗೆ ದೊಡ್ಡ ನಿಧಿ ಬೇಡಲು ಹೋದರು. ಆತ ಎಲ್ಲವನ್ನೂ ಮೆಚ್ಚಿಕೊಂಡು, ಹಣ ಬಂದರೆ ಈ ಕೆಲಸ ಕೆಡುತ್ತದೆಂದು 5,000 ಡಾಲರ್ ಮಾತ್ರ ಕೊಟ್ಟ. ಆಗ ಅವರಿಗೆ ಬೇಸರವಾಯಿತು. ಆಮೇಲೆ ಅದೇ ನಿಯಮವಾಯಿತು. ಹೊರಗಿನವರ ಕಾಣಿಕೆ ತೆಗೆದುಕೊಳ್ಳುವುದಿಲ್ಲ. ಸಭೆಯ ನಡುವೆ ಒಂದು ಚೀಲವೋ ಡಬ್ಬಿಯೋ ಸಾಲಿನಲ್ಲಿ ಹಾದುಹೋಗುತ್ತದೆ. ಹಾಕುವವರು ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ದಾಟಿಸುತ್ತಾರೆ. ಆದ್ದರಿಂದ ಅವರು ನಮ್ಮ ಸಭಾಂಗಣ ಕೇಳಿದರೆ ನಾವು ಉದಾರತೆಯಿಂದ “ಬಾಡಿಗೆ ಬೇಡ, ಹೋಗ್ರೀ” ಎನ್ನುವುದು ಉಪಕಾರವಲ್ಲ. ಚಿಕ್ಕದೊಂದು ಬಾಡಿಗೆ ಗೊತ್ತುಮಾಡಿ ರಸೀದಿ ಕೊಡುವುದೇ ಮರ್ಯಾದೆ. ತನ್ನ ದುಡ್ಡನ್ನೆಲ್ಲ ಅಂಗಡಿಗೆ ಸುರಿದ ಮನುಷ್ಯನಿಗೆ ತಾನು ಕೊಟ್ಟ ಹತ್ತು ರೂಪಾಯಿಯಿಂದ ಈ ದೀಪ ಉರಿಯುತ್ತಿದೆ ಎಂಬ ಭಾವನೆ ಎಷ್ಟು ದೊಡ್ಡದೆಂದು ನಾವು ಊಹಿಸಿಕೊಳ್ಳಬೇಕು. ‘ಕನ್ನಡ ಸಂಘದ ಆಶ್ರಯದಲ್ಲಿ’ ಎಂಬ ಬಟ್ಟೆಯ ಫಲಕವೂ ಕೂಡದು. ಅವರು ಯಾರ ಆಶ್ರಯದಲ್ಲೂ ಇಲ್ಲ.

ಎರಡನೆಯದು ಹೆಸರು. ಎದೆಯ ಮೇಲಿನ ಚೀಟಿಯಲ್ಲಿ ಹೆಸರಿನ ಮೊದಲ ಭಾಗ, ಬೇಕಿದ್ದರೆ ಊರು. ಮನೆತನದ ಹೆಸರು, ಹುದ್ದೆ, ಕಂಪನಿ ಯಾವುದೂ ಇಲ್ಲ. ಬ್ಯಾಂಕಿನ ಮ್ಯಾನೇಜರೂ ಅದೇ ಬ್ಯಾಂಕಿನ ಜವಾನನೂ ಪಕ್ಕಪಕ್ಕ ಕುಳಿತಿರಬಹುದು. ಛಾಯಾಚಿತ್ರ ತೆಗೆಯಬಾರದು. ಈಗ ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮೆರಾ ಇರುವುದರಿಂದ ಇದನ್ನು ಬಾಗಿಲಲ್ಲೇ ಹೇಳಬೇಕು. ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಚಿತ್ರ ಹೋಯಿತೆಂದರೆ ಒಬ್ಬನ ನೌಕರಿ, ಒಬ್ಬಳು ಮಗಳ ಸಂಬಂಧ ಅದರ ಹಿಂದೆ ಹೋಗಬಹುದು. ಭಾಷಣಕ್ಕೆ ಮಂತ್ರಿಗಳನ್ನು ಕರೆಯುವುದೂ ಇಲ್ಲ. ಮಾತಾಡುವವರೆಲ್ಲ ಕುಡಿದು ಬಿಟ್ಟವರೇ. ವೈದ್ಯರನ್ನೋ ಪೊಲೀಸ್ ಅಧಿಕಾರಿಯನ್ನೋ ಕೆಲವು ಸಲ ಕರೆಯುತ್ತಾರೆ, ಅವರು ಕೂಡ ಹೆಚ್ಚಾಗಿ ಕೇಳುವುದಕ್ಕೇ ಬರುತ್ತಾರೆ. ಮಾತು ಮುಗಿದ ಮೇಲೆ ಚರ್ಚೆಯಿಲ್ಲ, ಖಂಡನೆಯಿಲ್ಲ, ನಿರ್ಣಯವಿಲ್ಲ. ನಮ್ಮ ವಾರ್ಷಿಕ ಸಭೆಗೆ ಹೋಗಿ ಅಭ್ಯಾಸವಾದವರಿಗೆ ಇದೇ ಎಲ್ಲಕ್ಕಿಂತ ಆಶ್ಚರ್ಯ.

ಮೂರನೆಯದು ಅಡಿಗೆಮನೆ, ಇಲ್ಲಿ ನಮ್ಮ ಗೃಹಿಣಿಯರು ಕಿವಿಗೊಡಬೇಕು. ಕಾಫಿ ಚಹಾ ಧಾರಾಳವಾಗಿರಲಿ, ಏನಾದರೂ ಸಿಹಿ ಇರಲಿ. ಕುಡಿತ ಬಿಟ್ಟವರಲ್ಲಿ ಅನೇಕರಿಗೆ ಮೊದಮೊದಲು ಸಿಹಿಯ ಆಸೆ ಹೆಚ್ಚು. ಆದರೆ ರಮ್ ಹಾಕಿದ ಕ್ರಿಸ್‌ಮಸ್ ಕೇಕು ಬೇಡ. ಅಜೀರ್ಣವೆಂದು ಯಾರಾದರೂ ಹೊಟ್ಟೆ ಹಿಡಿದುಕೊಂಡರೆ ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ ಎಂದು ಮನೆಯ ಸೀಸೆ ತರಬಾರದು. ಆಸವ-ಅರಿಷ್ಟಗಳೆಲ್ಲ ಹುದುಗಿಸಿ ಮಾಡಿದ ಮದ್ದು. ಅವುಗಳಲ್ಲಿ ಮದ್ಯಾಂಶ ತಾನಾಗಿ ಹುಟ್ಟಿರುತ್ತದೆ. ಕೆಲವು ಕೆಮ್ಮಿನ ಔಷಧಗಳಲ್ಲೂ ಉಂಟು. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ವೈದ್ಯರ ಅಪ್ಪಣೆಯಂತೆ ನುಂಗುತ್ತಿರುವವರಿಗಂತೂ ಒಂದು ಚಮಚವೂ ಅಪಾಯ: ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಆಸ್ಪತ್ರೆಗೆ ಓಡಬೇಕಾಗುತ್ತದೆ.

ವೈದ್ಯರ ಮಾತು ಬಂದದ್ದರಿಂದ ಇನ್ನೊಂದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವನು ಹಟ ಹಿಡಿದು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈಕಾಲು ನಡುಕ, ಕೆಲವರಿಗೆ ಫಿಟ್ಸು, ಇಲ್ಲದ್ದು ಕಾಣುವ ಭ್ರಮೆ ಬರಬಹುದು, ಪ್ರಾಣಕ್ಕೂ ಬರಬಹುದು. “ಗಂಡಸಾದರೆ ಇವತ್ತೇ ಬಿಡು” ಎಂದು ಕೋಣೆಗೆ ಹಾಕಿ ಚಿಲಕ ಹಾಕುವುದು ಶೌರ್ಯವಲ್ಲ. ಮೊದಲು ಆಸ್ಪತ್ರೆ, ಆಮೇಲೆ ಕೂಟ. ಕೇಂದ್ರ ಸರಕಾರದ 14446 ಎಂಬ ಉಚಿತ ದೂರವಾಣಿಯಲ್ಲಿ ಸಮೀಪದ ಚಿಕಿತ್ಸೆಯ ಸ್ಥಳ ಕೇಳಬಹುದು.

ದಿನ ಗೊತ್ತುಮಾಡುವುದರಲ್ಲೂ ಒಂದು ಗುಟ್ಟಿದೆ. ನಾವು ಪಂಚಾಂಗ ನೋಡುತ್ತೇವೆ. ಅವರು ಸಂಕಟದ ರಾತ್ರಿ ಯಾವುದೆಂದು ನೋಡುತ್ತಾರೆ. ಡಿಸೆಂಬರ್ 31ರ ರಾತ್ರಿ ಊರೆಲ್ಲ ಕುಡಿಯುತ್ತದೆ. ಆ ರಾತ್ರಿಯೇ ಎಷ್ಟೋ ಊರುಗಳಲ್ಲಿ ಗಂಟೆಗೊಂದು ಸಭೆಯಂತೆ ಬೆಳಗಿನವರೆಗೆ ನಡೆಸುತ್ತಾರೆ. ಯಾವ ಗಂಟೆಗೆ ಬಂದರೂ ಬಾಗಿಲು ತೆರೆದಿರಬೇಕು, ಕಾಫಿ ಬಿಸಿಯಿರಬೇಕು.

ಹೆಂಗಸರ ವಿಷಯ ಬೇರೆಯೇ ಒಂದು ಅಧ್ಯಾಯ. ಮೊದಮೊದಲು ಅಮೆರಿಕದಲ್ಲಿ ಗಂಡಂದಿರು ಒಳಗೆ ಸಭೆ ನಡೆಸುತ್ತಿದ್ದಾಗ ಹೆಂಡತಿಯರು ಅಡಿಗೆಮನೆಯಲ್ಲಿ ಕಾಫಿ ಮಾಡುತ್ತ ಕಾಯುತ್ತಿದ್ದರು. ಕಾಯುತ್ತ ಕಾಯುತ್ತ ತಮ್ಮ ತಮ್ಮಲ್ಲಿ ಮಾತು ಹುಟ್ಟಿತು. ಹಾಗೆ ಬೆಳೆದದ್ದನ್ನು ಬಿಲ್ಲನ ಹೆಂಡತಿ ಲೋಯಿಸ್ 1951ರಲ್ಲಿ ಇನ್ನೊಬ್ಬ ಗೆಳತಿಯೊಡನೆ ಅಲ್‌ಅನಾನ್ ಎಂಬ ಕುಟುಂಬಗಳ ಕೂಟವಾಗಿ ಕಟ್ಟಿದಳು. ಪುಣೆಯಲ್ಲಿ 1986ರಲ್ಲಿ ಡಾ. ಅನಿತಾ ಅವಚಟ್, ಅನಿಲ್ ಅವಚಟ್ ದಂಪತಿಗಳು ಪು. ಲ. ದೇಶಪಾಂಡೆಯವರ ಸಹಾಯದಿಂದ ಆರಂಭಿಸಿದ ಮುಕ್ತಾಂಗಣದಲ್ಲಿ ಹೆಂಡತಿಯರ ಕೂಟಕ್ಕೆ ‘ಸಹಚರಿ’ ಎಂದೇ ಹೆಸರು. ಚೆನ್ನೈಯಲ್ಲಿ ಟಿ. ಟಿ. ರಂಗನಾಥನ್ ಪ್ರತಿಷ್ಠಾನವನ್ನು 1980ರಲ್ಲಿ ಕಟ್ಟಿದ ಶಾಂತಿ ರಂಗನಾಥನ್ ತಮ್ಮ ಗಂಡನನ್ನೇ ಈ ವ್ಯಸನಕ್ಕೆ ಕಳೆದುಕೊಂಡವರು. ಅವರ ಸಂಸ್ಥೆ 1989ರಿಂದ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಹದಿನೈದು ದಿನದ ಶಿಬಿರ ನಡೆಸಿ, ಊರವರಿಂದಲೇ ಜಾಗವನ್ನೂ ಊಟವನ್ನೂ ಏರ್ಪಡಿಸುವ ದಾರಿ ತೋರಿಸಿತು.

ನಮ್ಮ ನಾಡಿನಲ್ಲಿ ಇದು ಬೇರೊಂದು ಬಣ್ಣ ತಳೆದಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ಸಾವಿರಕ್ಕೂ ಮಿಕ್ಕಿ ಆಗಿವೆ. ಊರಿನ ಕಲ್ಯಾಣಮಂಟಪವೋ ದೇವಸ್ಥಾನದ ಸಭಾಭವನವೋ ಒಂದು ವಾರ ಅವರಿಗೆ ಬಿಟ್ಟುಕೊಡಲಾಗುತ್ತದೆ. ಬೆಳಿಗ್ಗೆ ವ್ಯಾಯಾಮ, ಹಗಲು ಸಮಾಲೋಚನೆ, ಸಂಜೆ ಭಜನೆ, ಜೊತೆಗೆ ಆರೋಗ್ಯ ನೋಡಿಕೊಳ್ಳುವವರು. ಮುಗಿದ ಮೇಲೆ ನವಜೀವನ ಸಮಿತಿಗಳ ಸಭೆ. ನೂರು ದಿನ ತುಂಬಿದಾಗ ಶತದಿನೋತ್ಸವ. ಗಾಂಧಿ ಜಯಂತಿಯ ಸುಮಾರಿಗೆ ಪಾನಮುಕ್ತರ ಸಮಾವೇಶ. ಇಲ್ಲಿ ವೇದಿಕೆಯುಂಟು, ಅತಿಥಿಗಳುಂಟು, ಹೂವುಂಟು. ಎ.ಎ.ಯವರಿಗೆ ಸರಿಬೀಳದ ಎಲ್ಲವೂ ಉಂಟು! ಯಾವುದು ಸರಿ ಎಂಬ ಜಗಳ ನಮಗೆ ಬೇಡ. ಹಳ್ಳಿಯಲ್ಲಿ ಯಾರು ಕುಡಿಯುತ್ತಾರೆಂಬುದು ನಾಯಿಗಳಿಗೂ ಗೊತ್ತು. ಅಲ್ಲಿ ಹೆಸರು ಮುಚ್ಚಿಟ್ಟು ಪ್ರಯೋಜನವಿಲ್ಲ. ಬೀಳುವುದನ್ನು ನೋಡಿದ ಊರು ಏಳುವುದನ್ನೂ ನೋಡಬೇಕು. ನಗರದಲ್ಲಿ ಪಕ್ಕದ ಮನೆಯವರಿಗೆ ಗೊತ್ತಾಗಬಾರದೆಂಬುದೇ ದೊಡ್ಡ ಭಯ. ಅಲ್ಲಿ ಹೆಸರು ಮುಚ್ಚಿದರೆ ಮಾತ್ರ ಬಾಯಿ ತೆರೆಯುತ್ತದೆ.

ನಾವು ಪರಊರಿನಲ್ಲಿರುವವರು ಎರಡಕ್ಕೂ ಮಧ್ಯೆ ಸಿಕ್ಕಿಕೊಂಡಿದ್ದೇವೆ. ಊರಿನ ಸಾಕ್ಷಿಯೂ ಇಲ್ಲ, ನಗರದ ಭಾಷೆಯೂ ಪೂರ್ತಿ ನಮ್ಮದಲ್ಲ. ಹೋಟೆಲಿನಲ್ಲಿ ದುಡಿಯುವ ಹುಡುಗ, ರಾತ್ರಿ ಪಾಳಿಯ ಕಾರ್ಮಿಕ, ಕಂಪನಿಯ ಇಂಜಿನಿಯರ್ ಎಲ್ಲರೂ ಹಿಂದಿಯಲ್ಲಿ ತರಕಾರಿ ಕೊಳ್ಳಬಲ್ಲರು, ಲೆಕ್ಕ ಒಪ್ಪಿಸಬಲ್ಲರು. ಆದರೆ “ಮಗಳ ಫೀಸಿನ ದುಡ್ಡನ್ನೂ ಕುಡಿದೆ” ಎಂಬ ಮಾತು ತಾಯಿನುಡಿಯಲ್ಲಲ್ಲದೆ ಹೊರಗೆ ಬರುವುದಿಲ್ಲ. ಅವನ ಪಕ್ಕದಲ್ಲಿ ಅದನ್ನು ಕೇಳಿ “ನಾನೂ ಹಾಗೇ ಮಾಡಿದ್ದೆ ಕಣಣ್ಣ” ಎನ್ನುವವನೊಬ್ಬ ಬೇಕು. ಮುಂಬಯಿಯ ಬಾಂದ್ರಾದಲ್ಲಿ 1981ರಿಂದ ಕೃಪಾ ಫೌಂಡೇಶನ್ ನಡೆಸುತ್ತಿರುವ ಫಾದರ್ ಜೋ ಪಿರೇರಾ ಸ್ವತಃ ಈ ಹಾದಿ ನಡೆದವರು. ಅವರು ವ್ಯಸನಿಗಳಿಗೆ ಯೋಗ ಕಲಿಸಿದ್ದು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಿಂದ ಪುಣೆಗೆ ಹೋಗಿ ನೆಲೆಸಿದ ಬಿ. ಕೆ. ಎಸ್. ಅಯ್ಯಂಗಾರರ ಶಿಷ್ಯರಾಗಿ. ಕನ್ನಡದವರ ವಿದ್ಯೆ ಅಲ್ಲಿಗೆ ತಲುಪಿದೆ. ಕನ್ನಡದ ಮಾತೂ ತಲುಪುವುದು ಕಷ್ಟವಲ್ಲ.

ಇದು ನಮಗೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರನಿದ್ದ. ಹೆಂಡ ಮಾರುವುದೇ ಅವನ ಕಾಯಕ. ಕೊಳ್ಳಲು ಬಂದವರಿಗೆ ಕುಡಿಯಬೇಡಿರೆಂದು ಅವನೇ ತಿಳಿಹೇಳುತ್ತಿದ್ದನೆಂದು ಕಥೆ. ಹೆಂಡದ ವಾಸನೆ ಮೈಗೆ ಹತ್ತಿದವನನ್ನೂ ಶರಣರು ಪಂಕ್ತಿಯಲ್ಲಿ ಕೂರಿಸಿಕೊಂಡರು. ಇತ್ತ ರಾಜರತ್ನಂ ಅವರ ಎಂಡ್ಕುಡ್ಕ ರತ್ನನ ಪದಗಳಿಗೆ ನಮ್ಮ ಪ್ರತಿಯೊಂದು ಸಂಘದಲ್ಲೂ ಚಪ್ಪಾಳೆ ಬೀಳುತ್ತದೆ. ಬೀಳಲಿ, ಅವು ಒಳ್ಳೆಯ ಪದಗಳು. ಆದರೆ ಅದೇ ಸಭಾಂಗಣದ ಹಿಂದಿನ ಸಾಲಿನಲ್ಲಿ, “ಅವರಿಗೆ ಮೈ ಸರಿಯಿಲ್ಲ, ಬರಲಿಲ್ಲ” ಎಂದು ಹೇಳಿ ಮಕ್ಕಳೊಡನೆ ಒಬ್ಬಳೇ ಬಂದ ತಾಯಿ ನಗದೆ ಕುಳಿತಿರುತ್ತಾಳೆ. ಯಾವ ಊರಿನ ಸಂಘ, ಯಾವ ಮನೆ ಎಂದು ನಾವು ಹೇಳಬೇಕಾದ್ದಿಲ್ಲ.

ಬಿಟ್ಟವನು ಮತ್ತೆ ಕುಡಿದರೆ ಏನು ಮಾಡುವುದೆಂದು ಕೇಳುತ್ತಾರೆ. ಎಷ್ಟೋ ಜನ ಮತ್ತೆ ಬೀಳುತ್ತಾರೆ. ಕೂಟದಲ್ಲಿ ಅದಕ್ಕೆ ದಂಡವಿಲ್ಲ, ಬಹಿಷ್ಕಾರವಿಲ್ಲ. ಲೆಕ್ಕ ಒಂದರಿಂದ ಮತ್ತೆ ಆರಂಭ, ಅಷ್ಟೇ. ಅವನ ಕುರ್ಚಿಯನ್ನು ಮಡಿಸಿ ಒಳಗಿಡುವುದಿಲ್ಲ. ಮೂರು ವಾರ ಕಾಣದಿದ್ದರೆ ಒಬ್ಬರು ಮನೆಗೆ ಹೋಗಿ ಬಾಗಿಲು ತಟ್ಟುತ್ತಾರೆ, ಅಥವಾ ಈಗಿನ ಕಾಲಕ್ಕೆ ತಕ್ಕಂತೆ ಫೋನು ಮಾಡುತ್ತಾರೆ.

ನಮ್ಮ ಸಂಘಗಳ ಎಷ್ಟೋ ಸಭಾಂಗಣಗಳು ವಾರದಲ್ಲಿ ನಾಲ್ಕು ಸಂಜೆ ಬೀಗ ಹಾಕಿಕೊಂಡೇ ಇರುತ್ತವೆ. ನಿಮ್ಮೂರಿನ ಎ.ಎ. ಕೂಟದವರಲ್ಲಿ ವಿಚಾರಿಸಿ, ಕನ್ನಡದಲ್ಲಿ ಮಾತಾಡಬಲ್ಲ ಹಳೆಯ ಸದಸ್ಯರಿಬ್ಬರು ಒಪ್ಪಿದರೆ, ಅಂಥ ಒಂದು ಸಂಜೆ ಅವರಿಗೆ ಸಾಕು. ಇಪ್ಪತ್ತು ಕುರ್ಚಿ, ಒಂದು ಒಲೆ, ಹಾಲು ಸಕ್ಕರೆ ಅವರೇ ತರುತ್ತಾರೆ. ಬಾಗಿಲು ತೆರೆದುಕೊಟ್ಟ ಕಾರ್ಯದರ್ಶಿಗಳು ಕೀಲಿಕೈಯನ್ನು ಅವರ ಕೈಗೆ ಕೊಟ್ಟು ಮನೆಗೆ ಹೋಗಬೇಕು; ಯಾರು ಯಾರು ಬಂದರೆಂದು ಮೆಟ್ಟಿಲ ಬಳಿ ನಿಂತು ನೋಡಬಾರದು.